ಸಣ್ಣ ಕಾಫಿ ಅಂಗಡಿಗೆ ಹೆಚ್ಚುವರಿ ಆದಾಯ: ಶಿವಮೊಗ್ಗದಲ್ಲಿ ಏನೇನು ಸಾಧ್ಯ?

ದುರ್ಗಿಗುಡಿ ಕಾಫಿ ಅಂಗಡಿ:

ಮಾನ್ಯರೆ, ಶಿವಮೊಗ್ಗದ ದುರ್ಗಿಗುಡಿಯ ಅಡ್ಡರಸ್ತೆಯೊಂದರಲ್ಲಿ ನಾನೂ ನನ್ನ ಹೆಂಡತಿಯೂ ಸಣ್ಣದೊಂದು ಕಾಫಿ ಅಂಗಡಿ ನಡೆಸುತ್ತಿದ್ದೇವೆ. ಹನ್ನೆರಡು ಜನ ಕೂರುವಷ್ಟು ಜಾಗ, ಸಹಾಯಕ್ಕೆ ಒಬ್ಬ ಹುಡುಗ, ಎರಡು ಒಲೆ, ಒಂದು ಫ್ರಿಜ್ ನಮ್ಮಲ್ಲಿವೆ. ವಾರದ ರಜೆಯಿಲ್ಲದೆ ದಿನಕ್ಕೆ ಸುಮಾರು 250 ಲೋಟ ಕಾಫಿ ಹೋಗುತ್ತದೆ. ಲೋಟಕ್ಕೆ 20 ರೂಪಾಯಿ. ವ್ಯಾಪಾರ ಕುಸಿದಿದೆ ಎನ್ನಲಾರೆ, ಆದರೆ ತಿಂಗಳ ಕೊನೆಗೆ ಕೈಯಲ್ಲಿ ಉಳಿಯುವುದು ಕಡಿಮೆಯಾಗುತ್ತಲೇ ಬಂದಿದೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿತು. ಕಾಫಿಪುಡಿಯ ದರ ಅದಕ್ಕೂ ಮೊದಲೇ ಏರತೊಡಗಿ, ಈಗ ನಾವು ಕಿಲೋಗೆ 700 ರೂಪಾಯಿ ಕೊಟ್ಟು ತರುತ್ತಿದ್ದೇವೆ. ಲೋಟದ ಬೆಲೆಯನ್ನು 25ಕ್ಕೆ ಏರಿಸಿದರೆ ದಿನಕ್ಕೆರಡು ಸಲ ಬರುವ ಮಾಮೂಲಿ ಗಿರಾಕಿಗಳು ಒಂದು ಸಲಕ್ಕೆ ಇಳಿಯುತ್ತಾರೆಂಬ ಅಂಜಿಕೆ ಇದೆ.

ಬೆಳಿಗ್ಗೆ 6ರಿಂದ 11ರವರೆಗೆ ಮತ್ತು ಸಂಜೆ 4ರಿಂದ 8ರವರೆಗೆ ಪುರುಸೊತ್ತಿಲ್ಲ. ನಡುವಿನ ಐದು ಗಂಟೆ ಅಂಗಡಿ ಬಹುತೇಕ ಖಾಲಿ. ಮಳೆಗಾಲದಲ್ಲಿ ಸಂಜೆಯ ಗಿರಾಕಿಗಳೂ ತೆಳುವಾಗುತ್ತಾರೆ. ತಿಂಗಳಿಗೆ ಇನ್ನೂ 15,000 ರೂಪಾಯಿ ಉಳಿದರೆ ಮಕ್ಕಳ ಶಾಲೆಯ ಖರ್ಚಿಗೂ ಬಾಡಿಗೆಯ ಏರಿಕೆಗೂ ಹೆದರಬೇಕಾಗಿಲ್ಲ. ಊಟದ ಹೋಟೆಲ್ ಮಾಡುವ ಇಷ್ಟ ನಮಗಿಲ್ಲ. ಅನುಭವಸ್ಥರು ದಾರಿ ಹೇಳಬೇಕೆಂದು ವಿನಂತಿ.

ಬಿ.ಎಚ್. ರಸ್ತೆ ಹೋಟೆಲಿನವ:

ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹೋಟೆಲ್ ನಡೆಸಿದವನು, ಆದ್ದರಿಂದ ನೇರವಾಗಿ ಹೇಳುತ್ತೇನೆ. ಬರೀ ಕಾಫಿಯಿಂದ ಅಂಗಡಿ ಬೆಳೆಯುವುದು ಕಷ್ಟ. ಕಾಫಿಗೆಂದು ಬಂದವರ ಕೈಗೆ ಒಂದು ತಿಂಡಿ ಸಿಗುವಂತಿರಬೇಕು. ಸಂಜೆ ಹೊತ್ತು ಮೆಣಸಿನಕಾಯಿ ಬಜ್ಜಿ, ಮಂಡಕ್ಕಿ, ಬೆಳಿಗ್ಗೆ ಒಂದೇ ಒಂದು ಬಗೆಯ ಕಡುಬು ಇಟ್ಟರೂ ಸಾಕು, ಪ್ರತಿ ಗಿರಾಕಿಯ ಬಿಲ್ಲು ಇಮ್ಮಡಿಯಾಗುತ್ತದೆ. ಅಡುಗೆಯ ಹುಡುಗನೊಬ್ಬ ಬೇಕಾಗುತ್ತಾನೆ ಎಂಬುದು ನಿಜ, ಆದರೆ ಮಳೆಗಾಲದ ಸಂಜೆ ಬಿಸಿ ಬಜ್ಜಿಯ ವಾಸನೆ ಬಂದರೆ ರಸ್ತೆಯಲ್ಲಿ ಹೋಗುವವರೂ ಒಳಗೆ ಬರುತ್ತಾರೆ.

ತೀರ್ಥಹಳ್ಳಿ ಪುಡಿ ಅಂಗಡಿ:

ಹಿರಿಯರು ಹೇಳಿದ್ದು ಬಿ.ಎಚ್. ರಸ್ತೆಗೆ ಸರಿ. ಬೆಂಗಳೂರಿನಿಂದ ಹೊನ್ನಾವರದವರೆಗಿನ ಹೆದ್ದಾರಿಯ ಮೇಲೆ ಜೋಗಕ್ಕೂ ಸಾಗರಕ್ಕೂ ಹೋಗುವ ಹಸಿದ ಪ್ರಯಾಣಿಕರು ಸಿಗುತ್ತಾರೆ. ದುರ್ಗಿಗುಡಿಗೆ ಬರುವವರು ವೈದ್ಯರನ್ನು ಕಾಣಲು, ಬಟ್ಟೆ ಕೊಳ್ಳಲು, ಕೆಲಸದ ನಡುವೆ ಹತ್ತು ನಿಮಿಷ ಬಿಡುವು ತೆಗೆದುಕೊಂಡು ಬರುವವರು. ಹನ್ನೆರಡೇ ಆಸನಗಳಿರುವಲ್ಲಿ ಬಜ್ಜಿಯ ತಟ್ಟೆ ಹಿಡಿದು ಅರ್ಧ ಗಂಟೆ ಕೂತವರು ಮೂರು ಕಾಫಿ ಗಿರಾಕಿಗಳ ಜಾಗವನ್ನು ಹಿಡಿದಿರುತ್ತಾರೆ. ಅಲ್ಲದೆ ಎಣ್ಣೆಯ ವಾಸನೆ ಕಾಫಿಯ ಪರಿಮಳವನ್ನು ಕೊಲ್ಲುತ್ತದೆ, ಮತ್ತು ಆ ಪರಿಮಳವೇ ನಿಮ್ಮ ಅಂಗಡಿಯ ಬೋರ್ಡು.

ಪ್ರಶ್ನೆ ಕೇಳಿದವರು ಮೊದಲು ಒಂದು ಲೆಕ್ಕ ನೋಡಬೇಕು. ಲೋಟಕ್ಕೆ 10 ಗ್ರಾಂ ಪುಡಿ ಎಂದರೆ 7 ರೂಪಾಯಿ; 100 ಮಿಲಿ ಹಾಲಿಗೆ ಸುಮಾರು 5 ರೂಪಾಯಿ; ಸಕ್ಕರೆ, ಗ್ಯಾಸ್ ಸೇರಿ ಒಂದೂವರೆ. ಒಟ್ಟು ಹದಿಮೂರೂವರೆ ರೂಪಾಯಿ ಸರಕಿಗೇ ಹೋಗಿ, ಬಾಡಿಗೆ ಮತ್ತು ಸಂಬಳಕ್ಕೂ ಮುಂಚೆ ಆರೂವರೆ ಉಳಿಯುತ್ತದೆ. ಈ ದರದಲ್ಲಿ 15,000 ಹೆಚ್ಚು ದುಡಿಯಬೇಕಾದರೆ ದಿನಕ್ಕೆ ಇನ್ನೂ ಎಪ್ಪತ್ತೇಳು ಲೋಟ ಮಾರಬೇಕು. ನಿಮ್ಮ ಅಂಗಡಿಯಲ್ಲಿ ಅದಕ್ಕೆ ಜಾಗವೂ ಇಲ್ಲ, ಗಿರಾಕಿಗಳೂ ಇಲ್ಲ.

ಈಗ ಪುಡಿಯತ್ತ ನೋಡಿ. ದಿನಕ್ಕೆ ಎರಡೂವರೆ ಕಿಲೋ, ಅಂದರೆ ತಿಂಗಳಿಗೆ 75 ಕಿಲೋ ಪುಡಿಯನ್ನು ನೀವೇ ಕೊಳ್ಳುತ್ತಿದ್ದೀರಿ. ನಿಮ್ಮಲ್ಲಿಯೇ ಒಬ್ಬ ದೊಡ್ಡ ಗಿರಾಕಿ ಕುಳಿತಿದ್ದಾನೆ. ಹುರಿಯದ ಬೀಜ ಕಿಲೋಗೆ 450ರಂತೆ ಸಿಕ್ಕಿತೆಂದು ಇಟ್ಟುಕೊಳ್ಳೋಣ. ಹುರಿದಾಗ 15ರಿಂದ 20 ಪ್ರತಿಶತ ತೂಕ ಇಳಿಯುವುದರಿಂದ ಒಂದು ಕಿಲೋ ಪುಡಿಗೆ ಸುಮಾರು 1.2 ಕಿಲೋ ಬೀಜ ಬೇಕು, ಅದಕ್ಕೆ 540 ರೂಪಾಯಿ. ಹುರಿಯುವ ಕೂಲಿ ಮತ್ತು ಸಾಗಣೆ ಸೇರಿಸಿ 40 ಹಿಡಿದರೆ 580. ನೀವು ಈಗ ಕೊಡುತ್ತಿರುವ 700ರಲ್ಲಿ ಕಿಲೋಗೆ 120 ರೂಪಾಯಿ ಉಳಿಯಿತು. 75 ಕಿಲೋಗೆ 9,000. ಒಬ್ಬ ಹೊಸ ಗಿರಾಕಿಯೂ ಬರದೆ, ಒಂದು ಹೊಸ ತಿಂಡಿಯೂ ಇಲ್ಲದೆ ನಿಮ್ಮ ಬೇಡಿಕೆಯ ಐದರಲ್ಲಿ ಮೂರು ಪಾಲು ಕೈಗೆ ಬಂತು. ಬೀಜದ ದರ ಏರಿಳಿಯುತ್ತದೆ, ಆದ್ದರಿಂದ ನಿಮ್ಮ ದಿನದ ದರ ಹಾಕಿಕೊಂಡು ಇದೇ ಲೆಕ್ಕವನ್ನು ಮತ್ತೊಮ್ಮೆ ಮಾಡಿ.

ಹುರಿಯುವ ಯಂತ್ರವನ್ನು ಈಗಲೇ ಕೊಳ್ಳಬೇಡಿ. ಕೂಲಿಗೆ ಹುರಿದುಕೊಡುವವರಲ್ಲಿ ಹುರಿಸಿ, ಒಂದು ಒಳ್ಳೆಯ ಗ್ರೈಂಡರ್ ಮಾತ್ರ ಅಂಗಡಿಯಲ್ಲಿಡಿ. ನಡುಹೊತ್ತಿನ ಆ ಐದು ಗಂಟೆಗೆ ಅದೇ ಕೆಲಸವಾಗುತ್ತದೆ.

ದುರ್ಗಿಗುಡಿ ಕಾಫಿ ಅಂಗಡಿ:

ಈ ಲೆಕ್ಕವನ್ನು ಹೆಂಡತಿಗೂ ಓದಿ ಹೇಳಿದೆ. ನಾವು ಇಷ್ಟು ವರ್ಷ ಗಿರಾಕಿಗಳನ್ನು ಹೆಚ್ಚಿಸುವ ಬಗ್ಗೆಯೇ ಯೋಚಿಸುತ್ತಿದ್ದೆವು, ಹೊರಗೆ ಹೋಗುವ ಹಣದ ಕಡೆ ಈ ರೀತಿ ನೋಡಿರಲಿಲ್ಲ. ಇದರೊಂದಿಗೆ ಗಿರಾಕಿಗಳ ಮನೆಗೂ ಪುಡಿ ಮಾರಬಹುದಲ್ಲವೇ? ಹಲವರು ಮೊದಲಿನಿಂದಲೂ ಕೇಳುತ್ತಿದ್ದಾರೆ. ನಲವತ್ತು ಮನೆಗಳು ತಿಂಗಳಿಗೊಂದು ಕಿಲೋದಂತೆ ಕೊಂಡರೂ ಇನ್ನೂ 4,800 ಬರುತ್ತದೆ.

ವಿನೋಬನಗರ ಲೆಕ್ಕಪತ್ರ:

ಮಾರಬಹುದು, ಆದರೆ ಮಾರುವ ಮುನ್ನ ಈ ವಿಷಯವನ್ನು ದಯವಿಟ್ಟು ಗಮನಿಸಿ. ನೀವೇ ಕೊಟ್ಟ ಅಂಕಿಯಂತೆ ದಿನಕ್ಕೆ 5,000, ತಿಂಗಳಿಗೆ ಒಂದೂವರೆ ಲಕ್ಷ, ವರ್ಷಕ್ಕೆ 18 ಲಕ್ಷ ರೂಪಾಯಿ ವಹಿವಾಟು. ಕುಡಿಯಲು ಕೊಡುವ ಕಾಫಿ ಜಿಎಸ್‌ಟಿಯಲ್ಲಿ ಸೇವೆ ಎನಿಸಿಕೊಳ್ಳುತ್ತದೆ, ಮತ್ತು ನೋಂದಣಿ ಕಡ್ಡಾಯವಾಗುವ ಮಿತಿ 20 ಲಕ್ಷ. 40 ಲಕ್ಷದ ಮಿತಿ ಬರೀ ಸರಕು ಮಾರುವವರಿಗೆ ಇರುವಂಥದು. ಲೋಟದ ಕಾಫಿಯನ್ನೂ ಪೊಟ್ಟಣದ ಪುಡಿಯನ್ನೂ ಒಂದೇ ಹೆಸರಿನಲ್ಲಿ ಮಾರುವವರಿಗೆ ಅದು ಸಿಗುವುದಿಲ್ಲ, ಎರಡನ್ನೂ ಕೂಡಿಸಿಯೇ ನೋಡುತ್ತಾರೆ. ನಲವತ್ತು ಮನೆಗಳ ಪುಡಿಯೆಂದರೆ ತಿಂಗಳಿಗೆ 28,000, ವರ್ಷಕ್ಕೆ 3,36,000. ಅಲ್ಲಿಗೆ ನೀವು 21 ಲಕ್ಷ ದಾಟಿದಿರಿ. ರಾಜಿ ತೆರಿಗೆ ಪದ್ಧತಿಗೆ (ಕಾಂಪೋಸಿಷನ್, ಅಂದರೆ ಒಟ್ಟು ವಹಿವಾಟಿನ ಮೇಲೆ ಒಂದೇ ದರದಲ್ಲಿ ಕಟ್ಟುವ ಸರಳ ಏರ್ಪಾಡು) ಸೇರಿದರೆ ಹೋಟೆಲಿನವರು ವಹಿವಾಟಿನ ಮೇಲೆ 5 ಪ್ರತಿಶತ ಕಟ್ಟಬೇಕು, ಅದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ. ಅಷ್ಟೂ ವಹಿವಾಟಿಗೆ ಅದೇ ದರ ಹಿಡಿದರೆ ತಿಂಗಳಿಗೆ ಸುಮಾರು 9,000 ರೂಪಾಯಿಯಾಗುತ್ತದೆ. 4,800 ಗಳಿಸಲು ಹೋಗಿ 9,000 ಕೊಟ್ಟಂತಾಗುತ್ತದೆ.

ತೀರ್ಥಹಳ್ಳಿಯವರ ಮೊದಲ ಸಲಹೆಯ ಬೆಲೆ ಇಲ್ಲಿಯೇ ತಿಳಿಯುತ್ತದೆ. ನಿಮ್ಮದೇ ಲೋಟಕ್ಕೆ ಬೇಕಾದ ಪುಡಿಯನ್ನು ಅಗ್ಗವಾಗಿಸಿಕೊಂಡರೆ ವಹಿವಾಟು ಒಂದು ರೂಪಾಯಿಯೂ ಏರುವುದಿಲ್ಲ. ಉಳಿತಾಯ ಮಾತ್ರ ಏರುತ್ತದೆ. ಅದರ ಮೇಲೆ ಮಿತಿಯೊಳಗೆ ಉಳಿದಿರುವ ಎರಡು ಲಕ್ಷದಲ್ಲಿ ತಿಂಗಳಿಗೆ ಹೆಚ್ಚೆಂದರೆ ಇಪ್ಪತ್ತು, ಇಪ್ಪತ್ತೆರಡು ಕಿಲೋ ಪುಡಿ ಮಾರಬಹುದು. ಮಿತಿ ದಾಟುವುದೇ ಆದರೆ ಅದಕ್ಕಿಂತ ಒಂದೂವರೆ ಲಕ್ಷದಷ್ಟೇ ಮೇಲೆ ಹೋಗಿ ನಿಲ್ಲಬೇಡಿ. ತೆರಿಗೆ ಕಟ್ಟಿಯೂ ಲಾಭ ಉಳಿಯುವಷ್ಟು ಕೆಲಸ ಕೈಯಲ್ಲಿದೆ ಎಂದು ಗೊತ್ತಾದ ಮೇಲೆ ದಾಟಿ. ಮಿತಿಯೊಳಗೆ ಇದ್ದಂತೆ ತೋರಿಸಲು ಗಿರಾಕಿಗಳಿಂದ ನಗದನ್ನೇ ಕೇಳುವ ದಾರಿಯನ್ನಂತೂ ಹಿಡಿಯಬೇಡಿ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸು ಬಂದಾಗ ಸಣ್ಣ ಅಂಗಡಿಯವರು ಎಷ್ಟು ಗಾಬರಿಯಾದರೆಂಬುದನ್ನು ನಾವೆಲ್ಲ ನೋಡಿದ್ದೇವೆ. ಪ್ರತಿ ದಿನದ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಟ್ಟವರಿಗೆ ಉತ್ತರ ಕೊಡಲು ಕಷ್ಟವಾಗುವುದಿಲ್ಲ.

ಪೊಟ್ಟಣದ ವಿಚಾರ: ಆಹಾರ ಸುರಕ್ಷತಾ ನೋಂದಣಿಯಲ್ಲಿ ಪುಡಿ ಮಾಡಿ ಪ್ಯಾಕ್ ಮಾಡುವ ಕೆಲಸವನ್ನೂ ಸೇರಿಸಿಕೊಳ್ಳಬೇಕು; 14 ಅಂಕಿಯ ಸಂಖ್ಯೆ ಲೇಬಲ್ಲಿನ ಮೇಲಿರಬೇಕು. ಮೊದಲೇ ಕಟ್ಟಿಟ್ಟ ಪೊಟ್ಟಣವಾದರೆ ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ಪ್ಯಾಕ್ ಮಾಡಿದ ತಿಂಗಳು, ವಿಳಾಸ, ದೂರು ಹೇಳಲು ದೂರವಾಣಿ ಸಂಖ್ಯೆ ಇವೆಲ್ಲ ಬೇಕು. ಗಿರಾಕಿಯ ಎದುರೇ ತೂಗಿ ಪುಡಿ ಮಾಡಿ ಕೊಟ್ಟದ್ದು ಕಟ್ಟಿಟ್ಟ ಪೊಟ್ಟಣ ಎನಿಸುವುದಿಲ್ಲ, ಆದರೆ ತಕ್ಕಡಿಗೆ ಮುದ್ರೆ ಹಾಕಿಸಿರಲೇಬೇಕು. ಚಿಕೋರಿ ಬೆರೆಸಿದರೆ ಕಾಫಿಯ ಪಾಲು 51 ಪ್ರತಿಶತಕ್ಕಿಂತ ಕಡಿಮೆಯಾಗಬಾರದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಅಚ್ಚು ಹಾಕಿಸಬೇಕು.

ಸಾಗರದ ಸ್ವಸಹಾಯ ಗುಂಪು:

ನಮ್ಮ ಮಹಿಳೆಯರ ಗುಂಪಿನವರು ತೊಡೆದೇವು, ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್, ಕಷಾಯದ ಪುಡಿ ಮಾಡುತ್ತೇವೆ. ಅಣ್ಣ, ನಿಮ್ಮ ಅಂಗಡಿಯಲ್ಲಿ ಒಂದು ಕಪಾಟು ಕೊಟ್ಟರೆ ಮಾರಾಟವಾದ ಮೇಲೆ ಹಣ ಎಂಬ ಕರಾರಿನಲ್ಲಿ ಸರಕು ಇಡುತ್ತೇವೆ. ನೀವು ಬಂಡವಾಳ ಹಾಕಬೇಕಾಗಿಲ್ಲ, ನೂರಕ್ಕೆ ಇಪ್ಪತ್ತು ನಿಮಗೆ. ಮಿಡಿ ಉಪ್ಪಿನಕಾಯಿಯೂ ನಮ್ಮಲ್ಲಿದೆ, ಆದರೆ ಅದನ್ನು ಕಾಫಿ ಅಂಗಡಿಗೆ ಕೊಡುವುದಿಲ್ಲ, ಏಕೆಂದರೆ ಪುಡಿ ಬೇರೆ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ತೊಡೆದೇವನ್ನು ಗಾಳಿಯಾಡದ ಡಬ್ಬಿಯಲ್ಲಿಡದಿದ್ದರೆ ಮಳೆಗಾಲದಲ್ಲಿ ಒಂದೇ ದಿನಕ್ಕೆ ಮೆತ್ತಗಾಗುತ್ತದೆ, ಅಂಥ ಸರಕನ್ನು ನಾವೇ ವಾಪಸು ಒಯ್ಯುತ್ತೇವೆ.

ಕಷಾಯದ ಬಗ್ಗೆ ಇನ್ನೊಂದು ಮಾತು. ಕಾಫಿ ಬಿಡಬೇಕೆಂದು ವೈದ್ಯರು ಹೇಳಿದವರು ಗೆಳೆಯರ ಜೊತೆ ಬಂದು ಸುಮ್ಮನೆ ಕೂತಿರುತ್ತಾರೆ. ಕೊತ್ತಂಬರಿ, ಜೀರಿಗೆ, ಮೆಣಸು ಹುರಿದು ಮಾಡಿದ ಕಷಾಯಕ್ಕೆ ಹಾಲು ಬೆಲ್ಲ ಹಾಕಿ ಕೊಟ್ಟರೆ ಅವರೂ ಗಿರಾಕಿಗಳಾಗುತ್ತಾರೆ. ಬೇಸಿಗೆಯಲ್ಲಿ ಮುರುಗಲ ಹಣ್ಣಿನ ಶರಬತ್ತು ಇಡಬಹುದು.

ವಿನೋಬನಗರ ಲೆಕ್ಕಪತ್ರ:

ಅಕ್ಕ ಹೇಳಿದ ಏರ್ಪಾಡು ಚೆನ್ನಾಗಿದೆ. ಆ ಕಪಾಟಿನ ಮೇಲೆ ಗುಂಪಿನವರದೇ ಕ್ಯುಆರ್ ಕೋಡ್ ಇರಲಿ, ರಸೀದಿಯೂ ಅವರ ಹೆಸರಿನಲ್ಲೇ ಇರಲಿ. ಆಗ ಅಂಗಡಿಯ ವಹಿವಾಟಿಗೆ ನಿಮ್ಮ ಪಾಲಿನ ಇಪ್ಪತ್ತು ಮಾತ್ರ ಸೇರುತ್ತದೆ, ಪೂರ್ತಿ ಮಾರಾಟವಲ್ಲ.

ನವುಲೆ ವಿದ್ಯಾರ್ಥಿ:

ನಡುಹೊತ್ತಿನಲ್ಲಿ ಓದುವವರಿಗೆ ಗಂಟೆಯ ಲೆಕ್ಕದಲ್ಲಿ ಜಾಗ ಕೊಡಬಹುದಲ್ಲವೇ, ಸರ್? ವೈಫೈ ಮತ್ತು ಚಾರ್ಜಿಂಗ್ ಇದ್ದರೆ ನಮ್ಮ ಕಾಲೇಜಿನ ಕಡೆಯಿಂದಲೂ ಬರುತ್ತಾರೆ. ಆ್ಯಪ್‌ಗಳ ಮೂಲಕ ಮನೆಗೆ ಕಳಿಸುವುದನ್ನೂ ಯೋಚಿಸಬಹುದು.

ತೀರ್ಥಹಳ್ಳಿ ಪುಡಿ ಅಂಗಡಿ:

ತಮ್ಮ, ನವುಲೆಯಲ್ಲಿ ಅಂಗಡಿಯಿದ್ದರೆ ನಿನ್ನ ಮಾತಿಗೆ ನಾನೂ ಒಪ್ಪುತ್ತಿದ್ದೆ. ದುರ್ಗಿಗುಡಿಯಲ್ಲಿ ನಾಲ್ಕು ಗಂಟೆಗೆ ಮಾಮೂಲಿ ಗಿರಾಕಿಗಳು ಬಂದಾಗ ಓದುತ್ತಿರುವವರನ್ನು ಎಬ್ಬಿಸುವುದು ಕಷ್ಟ. ಆ್ಯಪಿನವರ ಕಮಿಷನ್ ಕಳೆದರೆ 20 ರೂಪಾಯಿಯ ಲೋಟದಲ್ಲಿ ಉಳಿಯುವುದು ಏನೂ ಇಲ್ಲ. ಮನೆಗೆ ಕಳಿಸುವುದಕ್ಕಿಂತ ಕಚೇರಿಗೆ ಕಳಿಸುವುದು ಮೇಲು. ದುರ್ಗಿಗುಡಿಯ ಚಿಕಿತ್ಸಾಲಯಗಳು, ನೆಹರು ರಸ್ತೆಯ ಬ್ಯಾಂಕುಗಳು ಮತ್ತು ಬಟ್ಟೆ ಅಂಗಡಿಗಳು ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ಹನ್ನೊಂದೂವರೆಗೆ ಮತ್ತು ಮೂರೂವರೆಗೆ, ನಿಮ್ಮ ಅಂಗಡಿ ಖಾಲಿಯಿರುವ ಹೊತ್ತಿಗೇ, ಫ್ಲಾಸ್ಕಿನಲ್ಲಿ ಕಾಫಿ ಕಳಿಸುವ ವರ್ತನೆ, ಅಂದರೆ ದಿನವೂ ತಪ್ಪದೆ ಕೊಡುವ ಏರ್ಪಾಡು, ಮಾಡಿಕೊಳ್ಳಿ. ದಿನಕ್ಕೆ 60 ಲೋಟ, ತಿಂಗಳಿಗೆ 25 ದಿನ, ಲೋಟಕ್ಕೆ 18 ರೂಪಾಯಿ ಹಿಡಿದರೆ, ನಿಮ್ಮದೇ ಪುಡಿಯ ಖರ್ಚಿನಲ್ಲಿ ತಿಂಗಳಿಗೆ ಎಂಟು ಸಾವಿರದ ಆಸುಪಾಸು ಉಳಿಯುತ್ತದೆ. ಮಳೆ ಸುರಿದಷ್ಟೂ ಕಚೇರಿಯವರು ಹೊರಗೆ ಬರುವುದು ಕಡಿಮೆ. ಅಂಗಡಿ ಖಾಲಿಯಾದ ದಿನವೇ ಫ್ಲಾಸ್ಕಿಗೆ ಬೇಡಿಕೆ ಹೆಚ್ಚು. ಹಣವನ್ನು ಹದಿನೈದು ದಿನಕ್ಕೊಮ್ಮೆ ತೀರಿಸಿಕೊಳ್ಳಿ. ಉದ್ರಿ ತಿಂಗಳು ದಾಟಿತೆಂದರೆ ಕೇಳುವವರಿಗೂ ಕೊಡುವವರಿಗೂ ಮುಜುಗರ.

ಇದರ ವಹಿವಾಟು ವರ್ಷಕ್ಕೆ 3,24,000 ಆಗುವುದರಿಂದ ಲೆಕ್ಕಪತ್ರದವರು ಹೇಳಿದ ಮಿತಿಯನ್ನು ನೀವು ಖಂಡಿತ ದಾಟುತ್ತೀರಿ. ಆದ್ದರಿಂದ ಮೊದಲು ಪುಡಿ, ಅದು ಗಟ್ಟಿಯಾದ ಮೇಲೆ ನೋಂದಣಿ ಮಾಡಿಸಿಕೊಂಡು ಫ್ಲಾಸ್ಕು ಮತ್ತು ಮನೆಗಳ ಮಾರಾಟ ಎರಡನ್ನೂ ಒಟ್ಟಿಗೆ ಆರಂಭಿಸಿ ಎಂಬುದು ನನ್ನ ಸಲಹೆ.

ಬಿ.ಎಚ್. ರಸ್ತೆ ಹೋಟೆಲಿನವ:

ಲೆಕ್ಕ ನೋಡಿದ ಮೇಲೆ ಬಜ್ಜಿಯ ಪ್ರಸ್ತಾಪವನ್ನು ನಾನು ಒತ್ತಾಯಿಸುವುದಿಲ್ಲ. ಫ್ಲಾಸ್ಕಿನ ಮಾತು ಬಂದದ್ದರಿಂದ ಒಂದು ಸೇರಿಸುತ್ತೇನೆ. ಗೃಹಪ್ರವೇಶ, ನಾಮಕರಣ, ತಿಥಿ, ಸಂಘದ ಸಭೆ ಇವುಗಳಿಗೆ ನೂರು, ನೂರೈವತ್ತು ಲೋಟ ಕಾಫಿ ಬೇಕೆಂದರೆ ಅಡುಗೆಯವರು ಒಲ್ಲದ ಮನಸ್ಸಿನಿಂದ ಮಾಡುತ್ತಾರೆ, ರುಚಿಯೂ ಇರುವುದಿಲ್ಲ. ಡಿಕಾಕ್ಷನ್ ಬೇರೆ, ಕಾಯಿಸಿದ ಹಾಲು ಬೇರೆ ಒಯ್ದು ಅಲ್ಲಿಯೇ ಬೆರೆಸಿ ಕೊಡಿ. ಬೆರೆಸಿಟ್ಟು ಒಯ್ದರೆ ಅರ್ಧ ಗಂಟೆಯಲ್ಲಿ ರುಚಿ ಕೆಡುತ್ತದೆ. ಆಷಾಢದಲ್ಲಿ ಈ ಕೆಲಸ ಬಹಳ ಕಡಿಮೆ ಎಂಬುದನ್ನು ಲೆಕ್ಕದಲ್ಲಿಟ್ಟುಕೊಳ್ಳಿ. ಅರ್ಧ ಹಣ ಮುಂಗಡವಾಗಿ ಪಡೆಯದೆ ಹಾಲು ತರಿಸಬೇಡಿ.

ಕೊಪ್ಪದ ಬೆಳೆಗಾರ:

ನಾನು ಅಡಿಕೆಯ ನಡುವೆ ಕಾಫಿ ಬೆಳೆಯುವವನು. ಬೀಜ ಕೊಳ್ಳುವ ಬಗ್ಗೆ ಇಲ್ಲಿ ಯಾರೂ ವಿವರವಾಗಿ ಬರೆಯಲಿಲ್ಲ, ಆದರೆ ಲಾಭ ನಷ್ಟ ತೀರ್ಮಾನವಾಗುವುದು ಅಲ್ಲಿಯೇ. ಹಿಂದೆ ಬೆಳೆಗಾರರು ಕಾಫಿಯನ್ನು ಸರ್ಕಾರದ ಕಾಫಿ ಮಂಡಳಿಗೇ ಒಪ್ಪಿಸಬೇಕಿತ್ತು. 1996ರಿಂದ ಎಲ್ಲ ಬೆಳೆಗಾರರೂ ತಮ್ಮ ಕಾಫಿಯನ್ನು ಬೇಕಾದವರಿಗೆ ಮಾರಬಹುದು. ಆದ್ದರಿಂದ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಸಣ್ಣ ಬೆಳೆಗಾರರಿಂದ ನೀವು ನೇರವಾಗಿ ಕೊಳ್ಳುವುದಕ್ಕೆ ಅಡ್ಡಿಯಿಲ್ಲ. ತಿಂಗಳಿಗೆ 75 ಕಿಲೋ ಪುಡಿಗೆ 90 ಕಿಲೋ ಬೀಜ ಬೇಕು, ಅಂದರೆ 50 ಕಿಲೋದ ಎರಡು ಮೂಟೆ. ಹತ್ತಿರ ಹತ್ತಿರ 40,000 ರೂಪಾಯಿ ಈ ಮೂಟೆಗಳಲ್ಲಿ ಸಿಕ್ಕಿಹಾಕಿಕೊಂಡಿರುತ್ತದೆ, ಅದಕ್ಕೆ ಸಿದ್ಧರಾಗಿರಿ.

ಕೊಳ್ಳುವಾಗ ದರ್ಜೆ ಕೇಳಿ. ಕಾಫಿಯಲ್ಲಿ ಅರೇಬಿಕಾ, ರೋಬಸ್ಟಾ ಎಂದು ಎರಡು ಜಾತಿ. ತೊಳೆದು ಸಂಸ್ಕರಿಸಿದ ಅರೇಬಿಕಾದಲ್ಲಿ ಪ್ಲಾಂಟೇಷನ್ ಎ, ಪೀಬೆರಿ (ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ಉರುಟು ಬೀಜ), ಬಿ, ಸಿ ಎಂದಿವೆ. ಹಣ್ಣನ್ನು ಹಾಗೆಯೇ ಒಣಗಿಸಿದ್ದು ಚೆರಿ. ರೋಬಸ್ಟಾದಲ್ಲೂ ಪಾರ್ಚ್‌ಮೆಂಟ್ (ತೊಳೆದು ಸಂಸ್ಕರಿಸಿದ್ದು) ಮತ್ತು ಚೆರಿ ಎಂಬ ಎರಡು ಬಗೆ. ಹಾಲು ಹಾಕಿ ಕುಡಿಯುವ ಫಿಲ್ಟರ್ ಕಾಫಿಗೆ ದುಬಾರಿಯಾದ ಎ ದರ್ಜೆಯೇ ಬೇಕೆಂದಿಲ್ಲ. ಬಿ ಅಥವಾ ಸಿ ದರ್ಜೆಯ ಅರೇಬಿಕಾಕ್ಕೆ ಒಳ್ಳೆಯ ರೋಬಸ್ಟಾ ಸೇರಿಸಿದರೆ ಪರಿಮಳವೂ ಗಟ್ಟಿತನವೂ ಬರುತ್ತದೆ. ಕಪ್ಪು, ಕಂದು ಬೀಜ ಮತ್ತು ಚೂರುಗಳನ್ನು ಕೂಡಿಸಿದ ಬಿಬಿಬಿ ಎಂಬ ಸರಕು ಬಹಳ ಅಗ್ಗಕ್ಕೆ ಸಿಗುತ್ತದೆ. ಅದನ್ನು ಮುಟ್ಟಬೇಡಿ. ಡಿಕಾಕ್ಷನ್ ಕಪ್ಪಾಗಿ ಇಳಿಯುತ್ತದೆ, ಆದರೆ ಬಾಯಲ್ಲಿ ಒಗರು ಉಳಿಯುತ್ತದೆ, ಗಿರಾಕಿ ಕಾರಣ ಹೇಳದೆಯೇ ಬೇರೆ ಅಂಗಡಿಗೆ ಹೋಗುತ್ತಾನೆ.

ಅರೇಬಿಕಾದ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ, ರೋಬಸ್ಟಾ ಅದರ ಬೆನ್ನಿಗೆ ಮಾರ್ಚ್‌ವರೆಗೆ. ಬೆಳೆಗಾರರಿಗೆ ಆಳುಗಳ ಕೂಲಿಗೆ ಹಣ ಬೇಕಾಗುವ ಕಾಲವದು, ನಗದು ಕೊಡುವವರಿಗೆ ದರದಲ್ಲಿ ಸ್ವಲ್ಪ ಬಿಡುತ್ತಾರೆ. ಹಾಗೆಂದು ವರ್ಷಕ್ಕಾಗುವಷ್ಟು ಕೊಂಡು ಶಿವಮೊಗ್ಗದ ಮಳೆಗಾಲಕ್ಕೆ ಕೂಡಿಡಬೇಡಿ. ಕಾಫಿ ಬೀಜ ಗಾಳಿಯ ತೇವವನ್ನು ಹೀರಿ ಊದುತ್ತದೆ, ಬಣ್ಣ ಕಳೆದುಕೊಳ್ಳುತ್ತದೆ. ಕರಾವಳಿಯಲ್ಲಿ ಮಾನ್ಸೂನ್ಡ್ ಮಲಬಾರ್ ಎಂಬ ಕಾಫಿಯನ್ನು ಬೇಕೆಂದೇ ಹಾಗೆ ಮಾಡುತ್ತಾರೆ, ಆದರೆ ಅದು ಎಚ್ಚರದಿಂದ ಮಾಡುವ ಬೇರೆಯೇ ಕಸುಬು. ನೀವು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗಾಗುವಷ್ಟು ಮಾತ್ರ ತರಿಸಿ, ಮೂಟೆಯನ್ನು ನೆಲದಿಂದ ಎತ್ತಿ ಹಲಗೆಯ ಮೇಲಿಡಿ. ಚಿಕೋರಿ ಇನ್ನೂ ಬೇಗ ತೇವ ಹೀರಿ ಗಂಟು ಕಟ್ಟುತ್ತದೆ. ಅದನ್ನು ಕೊಡುವ ದಿನವೇ ಬೆರೆಸಿ.

ಪೊಟ್ಟಣದ ಮೇಲೆ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎಂದು ಅಚ್ಚು ಹಾಕಿಸುವ ಆಸೆ ಬರಬಹುದು. ಆ ಹೆಸರುಗಳಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ನೋಂದಾಯಿತ ಬಳಕೆದಾರರಷ್ಟೇ ಬಳಸಬಹುದು. ನಿಮ್ಮ ಅಂಗಡಿಯ ಹೆಸರನ್ನೇ ಹಾಕಿ.

ದುರ್ಗಿಗುಡಿ ಕಾಫಿ ಅಂಗಡಿ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಮೊದಲು ನಮ್ಮ ಲೋಟದ ಪುಡಿಯನ್ನು ನಾವೇ ಹುರಿಸಿಕೊಳ್ಳುವುದೆಂದೂ, ಸಾಗರದ ಅಕ್ಕನವರ ಕಪಾಟಿಗೆ ಜಾಗ ಕೊಡುವುದೆಂದೂ, ಕಷಾಯವನ್ನು ಈ ವಾರವೇ ಆರಂಭಿಸುವುದೆಂದೂ ಮನೆಯಲ್ಲಿ ತೀರ್ಮಾನಿಸಿದ್ದೇವೆ. ಎರಡು ಪ್ರಶ್ನೆಗಳು ಉಳಿದಿವೆ. ಡಿಕಾಕ್ಷನ್ ಇಳಿಸಿದ ಮೇಲೆ ದಿನವೂ ಮಿಗುವ ಚರಟವನ್ನು ಗೊಬ್ಬರವಾಗಿ ಮಾರಬಹುದೇ? ಪುಡಿ ಬದಲಾಯಿಸಿದರೆ ರುಚಿ ಬದಲಾಗಿ ಹಳೆಯ ಗಿರಾಕಿಗಳು ಬೇಸರಪಟ್ಟಾರೇ? ನನಗೆ ನಿಜವಾದ ಭಯವಿರುವುದು ಎರಡನೆಯದರ ಬಗ್ಗೆ.

ಸಾಗರದ ಸ್ವಸಹಾಯ ಗುಂಪು:

ಅಣ್ಣ, ಚರಟಕ್ಕೆ ಹಣ ಕೊಡುವವರು ಕಡಿಮೆ. ಹೂಗಿಡ ಬೆಳೆಸುವ ಗಿರಾಕಿಗಳಿಗೆ ಹಾಗೆಯೇ ಕೊಡಿ, ಒಣಗಿಸಿ ಗೊಬ್ಬರದ ಗುಂಡಿಗೆ ಬೆರೆಸಿಕೊಳ್ಳುವಂತೆ ಹೇಳಿ.

ಕೊಪ್ಪದ ಬೆಳೆಗಾರ:

ನಿಮ್ಮ ಭಯ ನ್ಯಾಯವಾದದ್ದು, ಆದ್ದರಿಂದ ಮೂಟೆ ಕೊಳ್ಳುವ ಮುನ್ನ ಅರ್ಧರ್ಧ ಕಿಲೋ ಮಾದರಿಗಳನ್ನು ತರಿಸಿ. ಅರೇಬಿಕಾ ಮತ್ತು ರೋಬಸ್ಟಾಗಳನ್ನು ಬೇರೆ ಬೇರೆಯಾಗಿಯೇ ಹುರಿಸಬೇಕು. ಎರಡಕ್ಕೂ ಬೇಕಾಗುವ ಹದ ಬೇರೆ, ಒಟ್ಟಿಗೆ ಹಾಕಿದರೆ ಒಂದು ಹಸಿ, ಇನ್ನೊಂದು ಸೀದು ಹೋಗುತ್ತದೆ. ಹುರಿದ ಬೀಜವನ್ನು ಒಂದೆರಡು ದಿನ ಬಿಟ್ಟು, ಒಳಗಿನ ಅನಿಲ ಹೊರಬಿದ್ದ ಮೇಲೆ ಪುಡಿ ಮಾಡಿಸಿ. ಬೆರಕೆಯ ಪ್ರಮಾಣವನ್ನು ಮೂರು ರೀತಿ ಇಟ್ಟು, ಈಗ ಬಳಸುತ್ತಿರುವ ಪುಡಿಯನ್ನು ನಾಲ್ಕನೆಯದಾಗಿ ಸೇರಿಸಿ, ನಿಮ್ಮದೇ ಫಿಲ್ಟರಿನಲ್ಲಿ, ನಿಮ್ಮದೇ ಹಾಲಿನಲ್ಲಿ ಡಿಕಾಕ್ಷನ್ ಇಳಿಸಿ. ಯಾವುದು ಯಾವುದೆಂದು ಹೇಳದೆ ಬಹುಕಾಲದ ಗಿರಾಕಿಗಳಿಗೆ ಕೊಟ್ಟು ಕೇಳಿ. ಹಳೆಯ ಪುಡಿಗೆ ಹತ್ತಿರವಾದದ್ದನ್ನು ಅವರು ತಾವಾಗಿ ತೋರಿಸುತ್ತಾರೆ, ಆ ಪ್ರಮಾಣವನ್ನು ಬರೆದಿಟ್ಟುಕೊಳ್ಳಿ. ಮೊದಲ ವಾರ ಹಳೆಯದಕ್ಕೆ ಕಾಲು ಭಾಗ ಹೊಸದು, ಎರಡನೆಯ ವಾರ ಅರ್ಧ, ಹೀಗೆ ತಿಂಗಳಲ್ಲಿ ಪೂರ್ತಿ ಬದಲಾಯಿಸಿ. ಹುರಿಯುವ ಹದವನ್ನು ಕಲಿಯಬೇಕೆನಿಸಿದರೆ ಬೆಂಗಳೂರಿನಲ್ಲಿ ಕಾಫಿ ಮಂಡಳಿಯವರು ಕಾಪಿ ಶಾಸ್ತ್ರ ಎಂಬ ತರಬೇತಿ ನಡೆಸುತ್ತಾರೆ, ಅಲ್ಲಿಗೆ ಮನೆಯವರಿಬ್ಬರಲ್ಲಿ ಒಬ್ಬರು ಹೋಗಿ ಬನ್ನಿ. ನನ್ನಲ್ಲಿ ಈಗ ರೋಬಸ್ಟಾ ಪಾರ್ಚ್‌ಮೆಂಟ್ ಇದೆ. ಪ್ಲಾಂಟೇಷನ್ ಬಿ ದರ್ಜೆಯ ಮಾದರಿಯನ್ನು ಪಕ್ಕದ ತೋಟದವರಿಂದ ಪಡೆದು ಎರಡನ್ನೂ ಒಟ್ಟಿಗೆ ಶಿವಮೊಗ್ಗದ ಬಸ್ಸಿಗೆ ಹಾಕಿಸುತ್ತೇನೆ.